ಮಲಗಿಸುವಷ್ಟು ಜಾಗ

ಮಗುವಿಗೆ ಅನ್ನ ಕಲಸಿಕೊಂಡು ಬಂದ ಸುಧಾಳಿಗೆ ಮೊದಲು ಕಂಡದ್ದು ಹಂಸಿಕಾಳ ಬಲಗಾಲಿನ ಬೆರಳುಗಳು. ಪ್ಲಾಸ್ಟರಿನ ತುದಿಯಿಂದ ಹೊರಗೆ ಇಣುಕುತ್ತಿದ್ದ ಆ ಪುಟ್ಟ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬೆಳಿಗ್ಗೆ ಕೊಂಚ ಊದಿದ್ದವು ನಿಜ. ಮುರಿದ ಕಾಲು, ಊತ ಇರುವುದೇ ಎಂದುಕೊಂಡು ಸುಮ್ಮನಾಗಿದ್ದಳು. ಈಗ ಮುಟ್ಟಿದರೆ ತಣ್ಣಗಿದ್ದವು.

"ನೋವೈತಾ ಪುಟ್ಟಿ?"

"ಇಲ್ಲವ್ವ. ಈಗೇನೂ ಇಲ್ಲ."

ರಾತ್ರಿಯೆಲ್ಲ ನೋವು ನೋವು ಎಂದು ಬೀದಿಗೆ ಕೇಳುವಂತೆ ಅತ್ತಿದ್ದ ಮಗು ಹೀಗೆ ತಣ್ಣಗೆ ಹೇಳಿದ್ದು ಕೇಳಿ ಸುಧಾ ತಟ್ಟೆಯನ್ನು ನೆಲಕ್ಕಿಟ್ಟು ಫೋನ್ ಹುಡುಕಿದಳು.

ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಐದು ವರ್ಷದ ಹಂಸಿಕಾಳ ತೊಡೆಯ ಮೂಳೆ ಮುರಿದಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಎದೆಯ ಕೆಳಗಿನಿಂದಲೇ ಪ್ಲಾಸ್ಟರ್ ಹಾಕಿದ್ದರು. ಬಲಗಾಲಿಗೆ ಪಾದದವರೆಗೆ, ಎಡಗಾಲಿಗೆ ಮೊಣಕಾಲಿನವರೆಗೆ. ಎರಡೂ ಕಾಲನ್ನು ಅಗಲಿಸಿ, ಅಲುಗದಂತೆ ನಡುವೆ ಒಂದು ಕೋಲನ್ನೂ ಸೇರಿಸಿ ಕಟ್ಟಿದ್ದರು. ಅವಳನ್ನು ಮಲಗಿಸಬಹುದಿತ್ತೇ ಹೊರತು ಕೂರಿಸುವಂತಿರಲಿಲ್ಲ. ನಿನ್ನೆ ಆಸ್ಪತ್ರೆಯ ಆಂಬುಲೆನ್ಸಿನಲ್ಲೇ ಹರಿಹರದ ಮನೆಗೆ ತಂದು ಬಿಟ್ಟು ಹೋಗಿದ್ದರು. ಮಗುವಿನ ಅಪ್ಪ ನಿಂಗರಾಜು ಲಾರಿ ಡ್ರೈವರ್. ಮಗು ಮನೆಗೆ ಬಂತೆಂಬ ಧೈರ್ಯದ ಮೇಲೆ, ತಪ್ಪಿಸಲಾಗದ ಲೋಡು ಹೊತ್ತು ಸೊಲ್ಲಾಪುರದ ಕಡೆ ಹೋಗಿದ್ದ.

ಸುಧಾ ಪ್ಲಾಸ್ಟರ್ ಹಾಕಿದ್ದ ಡಾಕ್ಟರ್ ಅರುಣ್ ಕುಮಾರ್‌ಗೆ ಫೋನ್ ಮಾಡಿದಳು.

"ಹೆಬ್ಬೆರಳಿನ ಉಗುರು ಒತ್ತಿ ಬಿಡ್ರಿ. ಕೆಂಪು ವಾಪಸ್ ಬರುತ್ತಾ?"

ಒತ್ತಿದಳು, ಬಿಟ್ಟಳು. ಬಿಳಿಚಿಕೊಂಡ ಉಗುರು ಬಿಳಿಚಿಕೊಂಡೇ ಇತ್ತು.

"ಬರವಲ್ದು ಸರ್."

"ಒಳಗೆ ಊತ ಏರಿ ಪ್ಲಾಸ್ಟರ್ ಬಿಗಿದೈತೆ. ರಕ್ತ ಹೋಗ್ತಾ ಇಲ್ಲ. ಕೂಡ್ಲೆ ಕರ್ಕೊಂಡು ಬರ್ರಿ. ತಡ ಆದ್ರೆ ಕಾಲಿಗೇ ಅಪಾಯ. ಅಡ್ಡಾದಿಡ್ಡಿ ಎತ್ತಬ್ಯಾಡ್ರಿ, ಮಲಗಿಸ್ಕೊಂಡೇ ಬರ್ರಿ."

ಆಂಬುಲೆನ್ಸಿಗೆ ಫೋನ್ ಮಾಡಿದರೆ ಹೈವೇಯಲ್ಲಿ ಬಸ್ಸು ಮಗುಚಿದೆ, ಗಾಡಿಗಳೆಲ್ಲ ಅಲ್ಲಿಗೆ ಹೋಗಿವೆ, ಯಾವಾಗ ಬಿಡುವಾಗುತ್ತದೋ ಹೇಳಲಾಗದು ಎಂದರು. ಸುಧಾ ಬರಿಗಾಲಲ್ಲೇ ಬೀದಿ ತುದಿಗೆ ಓಡಿ ಕುತುಬುದ್ದೀನನ ಆಟೋ ಕರೆತಂದಳು. ಇಬ್ಬರೂ ಸೇರಿ ಮಗುವನ್ನು ಹಾಸಿಗೆ ಸಮೇತ ಎತ್ತಿದರು. ಆದರೆ ಅಗಲಿಸಿ ಕಟ್ಟಿದ ಕಾಲುಗಳು ಆಟೋದ ಬಾಯಿಗಿಂತ ಅಗಲವಾಗಿದ್ದವು. ಓರೆ ಮಾಡಿದಾಗ ಕೋಲು ಕಂಬಿಗೆ ತಗುಲಿ ಹಂಸಿಕಾ ಕಿರುಚಿದಳು.

"ಆಗಲ್ಲಕ್ಕ," ಎಂದ ಕುತುಬುದ್ದೀನ್, ಬೆವರು ಒರೆಸಿಕೊಳ್ಳುತ್ತಾ. "ಲಗೇಜ್ ಗಾಡಿ ತರ್ಲಾ ಅಂದ್ರೆ ಅದು ಕುಣಿಸ್ತೈತೆ, ಮೂಳೆ ಜರುಗಿದ್ರೆ ಏನ್ ಮಾಡೋಣ?" ಹಾಗೆಂದವನು ಪಕ್ಕದ ಮನೆಯ ಕಡೆ ನೋಡಿದ. ಸುಧಾಳೂ ನೋಡಿದಳು.

ಅಲ್ಲಿ ಬಿಳಿ ಕಾರು ನಿಂತಿತ್ತು. ನಿಂಗರಾಜುವಿನ ಅಣ್ಣ ವಿಜಯಕುಮಾರನದು. ಚಿಕ್ಕದೆಂದರೆ ಚಿಕ್ಕದಲ್ಲ, ದೊಡ್ಡದೆಂದರೆ ದೊಡ್ಡದಲ್ಲ, ಎತ್ತರ ನಿಂತ ಹೊಸ ಕಾರು. ಒಂದೇ ಅಂಗಳದ ಎರಡು ಮನೆ. ಕಾರು ನಿಲ್ಲಿಸಲೆಂದು ಅವನು ಅಂಗಳದ ಬೇವಿನ ಮರ ಕಡಿಸಿದ್ದ. ಸುಧಾ ಅಂದು ಬಾಯಿಗೆ ಬಂದದ್ದೆಲ್ಲ ಆಡಿದ್ದಳು, ಅವನೂ ಆಡಿದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಮಗು ಬಿದ್ದ ದಿನವೂ ಅವರು ಬಾಗಿಲಲ್ಲಿ ನಿಂತು ನೋಡಿದ್ದರೇ ಹೊರತು ಒಳಗೆ ಬಂದಿರಲಿಲ್ಲ.

ಸುಧಾ ಯೋಚಿಸುತ್ತಾ ನಿಲ್ಲಲಿಲ್ಲ. ಎರಡೂ ಕೈಯಿಂದ ಆ ಬಾಗಿಲು ಬಡಿದಳು. ವಿಜಯಕುಮಾರ ಆವರಗೆರೆಯ ನೆಂಟರ ಮನೆಗೆ ಹೊರಟು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ.

"ಭಾವ, ಹಂಸೀದು ಕಾಲು ಹೋಗ್ತೈತೆ. ಕಾರ್ ತೆಗೀರಿ."

ಅವನು ಹೊರಗೆ ಬಂದ. ಆಟೋದ ಪಕ್ಕ ಹಾಸಿಗೆಯ ಮೇಲಿದ್ದ ಮಗುವಿನ ಬೆರಳು ನೋಡಿದ. ಅವನ ಮುಖ ಇಳಿದುಹೋಯಿತು. ಕೀ ತರಲು ಒಳಗೆ ಓಡಿದ.

ಕಾರು ಕೊಂಡ ಹೊಸದರಲ್ಲಿ ಅವನು ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸುತ್ತಿದ್ದದ್ದು ಗೋಡೆಯಾಚೆಯಿಂದ ಸುಧಾಳಿಗೆ ಕೇಳಿಸುತ್ತಿತ್ತು. ಹಿಂದೆ ಮೂರು ಜನ ಆರಾಮಾಗಿ ಕೂಡಬೌದು, ಮೊಣಕಾಲು ತಾಕಂಗಿಲ್ಲ. ಹಿಂದಿನೋರಿಗೆ ಬ್ಯಾರೆ ಎಸಿ ಕಿಂಡಿ. ಸೀಟು ಮಡಚಿದ್ರೆ ಫ್ರಿಜ್ಜನ್ನೇ ಮಲಗಿಸ್ಕೊಂಡು ತರಬೌದು. ಆದರೆ ಆ ಸೀಟನ್ನು ಅವನು ಒಮ್ಮೆಯೂ ಮಡಚಿರಲಿಲ್ಲ. ಅಂಗಡಿಯಲ್ಲಿ ಹೊದಿಸಿಕೊಟ್ಟ ಪ್ಲಾಸ್ಟಿಕ್ ಕೂಡ ಅದರ ಮೇಲೆ ಹಾಗೇ ಇತ್ತು.

ಮೊದಲು ಹಿಂದಿನ ಸೀಟಿನ ಬಾಗಿಲಿನಿಂದ ನೋಡಿದರು. ಆಗಲಿಲ್ಲ, ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ. ಡಿಕ್ಕಿಯಿಂದಲೇ ಒಳಗೆ ಸೇರಿಸಬೇಕಿತ್ತು. ವಿಜಯಕುಮಾರ ಡಿಕ್ಕಿ ಎತ್ತಿ, ಸಾಮಾನು ಮುಚ್ಚುವ ಹಲಗೆಯನ್ನು ಕಿತ್ತು ಅಂಗಳಕ್ಕೆ ಎಸೆದ. ಸೀಟಿನ ಒಂದು ಭಾಗ ಮಡಚಿತು. ಇನ್ನೊಂದು ಭಾಗ ಜಗ್ಗಲಿಲ್ಲ.

"ಯಾವ್ದು ಎಳೀಬೇಕೋ ಇದ್ರಾಗೆ? ನೇತ್ರಾ, ಪುಸ್ತಕ ಎಲ್ಲೈತೆ?"

"ಪುಸ್ತಕ ನೋಡೋ ಹೊತ್ತೇನ್ರಿ ಇದು!" ಎನ್ನುತ್ತಾ ಅವನ ಹೆಂಡತಿ ನೇತ್ರಾವತಿ ಇನ್ನೊಂದು ಬಾಗಿಲಿನಿಂದ ಒಳಗೆ ತೂರಿದಳು. ಬೆಲ್ಟಿನ ಕೊಂಡಿ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಉಗುರಿನಿಂದ ಕೆದಕುತ್ತಿದ್ದರೆ ವಿಜಯಕುಮಾರ ಹಿಂದಿನಿಂದ ಕಾಲು ಕೊಟ್ಟು ಒದ್ದ. ಏನೋ ಲಟಕ್ಕೆಂದು ಮುರಿದು ಸೀಟು ಮುಂದಕ್ಕೆ ಬಿತ್ತು.

ಹಾಸಿಗೆ ಹಾಸಿ, ತಲೆ ಮುಂದಾಗಿ ಮಗುವನ್ನು ಒಳಗೆ ಜರುಗಿಸಿದರು. ಚಕ್ರದ ಉಬ್ಬುಗಳ ನಡುವೆ ಕೋಲು ಹಿಡಿಸಲಿಲ್ಲ, ಓರೆಯಾಗಿ ತಿರುಗಿಸಿದ ಮೇಲೆ ಹಿಡಿಸಿತು. ಆದರೆ ಡಿಕ್ಕಿ ಮುಚ್ಚಲು ಹೋದರೆ ಹಿಮ್ಮಡಿ ಅಡ್ಡ ಬಂತು. ಗೇಣು ಜಾಗ ಸಾಲದು. ಸುಧಾ ಹಿಮ್ಮಡಿಗೆ ಕೈ ಅಡ್ಡ ಕೊಟ್ಟಳು. ಇಷ್ಟು ದೊಡ್ಡ ಕಾರಿನಲ್ಲಿ ಒಂದು ಮಗುವಿಗೆ ಜಾಗವಿಲ್ಲವೇ ದೇವರೇ.

"ಮುಂದಿನ ಸೀಟು ಪೂರಾ ಮುಂದಕ್ಕೆ ತಳ್ಳು!" ಎಂದ ವಿಜಯಕುಮಾರ. ನೇತ್ರಾವತಿ ತಳ್ಳಿ, ಉಳಿದ ಇಕ್ಕಟ್ಟಿನಲ್ಲೇ ಮೊಣಕಾಲು ಮಡಚಿಕೊಂಡು ಕೂತಳು. ಸುಧಾ ಒಳಗೆ ಹತ್ತಿ, ಮಗುವಿನ ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಎಳೆದುಕೊಂಡಳು. ಡಿಕ್ಕಿ ಮುಚ್ಚಿತು. ಕುತುಬುದ್ದೀನ್ ಹಾರನ್ ಒತ್ತುತ್ತಾ, ಊರು ದಾಟುವವರೆಗೆ ದಾರಿ ಬಿಡಿಸಲು ಆಟೋವನ್ನು ಮುಂದೆ ಬಿಟ್ಟುಕೊಂಡು ಹೊರಟ.

ಮಧ್ಯಾಹ್ನದ ಬಿಸಿಲು ಹಿಂದಿನ ಗಾಜಿನಿಂದ ನೇರ ಒಳಗೆ ಬೀಳುತ್ತಿತ್ತು. ಪ್ಲಾಸ್ಟರಿನೊಳಗೆ ಬೇಯುತ್ತಿದ್ದ ಮಗುವಿನ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಸುಧಾ ಮಗುವಿನ ಪಕ್ಕದ ಸಂದಿಗೆ ಜರುಗಿ ಸೆರಗನ್ನು ಗಾಜಿಗೆ ಅಡ್ಡ ಹಿಡಿದು, ಚಾವಣಿಗೆ ತಲೆ ತಾಕದಂತೆ ಗೂನು ಬೆನ್ನು ಮಾಡಿ ಕೂತಿದ್ದಳು. ನೇತ್ರಾವತಿ ಹಿಂದಕ್ಕೆ ಕೈ ಚಾಚಿ ಎಸಿಯ ಕಿಂಡಿಯನ್ನು ಮಗುವಿನ ಮುಖಕ್ಕೆ ತಿರುಗಿಸಿದಳು. ರಸ್ತೆಯ ಉಬ್ಬು ಬಂದಾಗಲೆಲ್ಲ ವಿಜಯಕುಮಾರ "ಹಿಡ್ಕೋ ಸುಧಾ" ಎನ್ನುತ್ತಿದ್ದ. ಮೊದಲ ಉಬ್ಬುಗಳಲ್ಲಿ ಹಂಸಿಕಾ ಚೀರಿದಳು. ದೊಡ್ಡಬಾತಿ ದಾಟುವ ಹೊತ್ತಿಗೆ ಚೀರುವುದನ್ನೂ ಬಿಟ್ಟಳು.

"ಅವ್ವಾ, ನನ್ ಕಾಲೆಲ್ಲಿ ಹೋತು?"

"ಇಲ್ಲೇ ಐತೆ ಪುಟ್ಟಿ. ನಾನ್ ಹಿಡ್ಕೊಂಡೀನಿ."

"ನೀ ಹಿಡ್ಕೊಂಡಿದ್ದು ಗೊತ್ತಾಗವಲ್ದು."

ಸುಧಾ ಬಾಯಿಗೆ ಸೆರಗು ತುರುಕಿಕೊಂಡಳು. ನೇತ್ರಾವತಿ ಮುಂದೆ ತಿರುಗಿ ಗಂಡನಿಗೆ ಏನನ್ನೋ ಪಿಸುಗುಟ್ಟಿದಳು. ಕಾರು ಇನ್ನೂ ಜೋರಾಯಿತು.

ದಾವಣಗೆರೆ ಹೊಕ್ಕ ಮೇಲೆ ಕಲ್ಯಾಣ ಮಂಟಪವೊಂದರ ಮುಂದೆ ಮದುವೆ ಮೆರವಣಿಗೆ ರಸ್ತೆ ತುಂಬಿತ್ತು. ಬ್ಯಾಂಡಿನ ಸದ್ದಿನಲ್ಲಿ ಹಾರನ್ ಯಾರಿಗೂ ಕೇಳಿಸಲಿಲ್ಲ. ವಿಜಯಕುಮಾರ ಕಾರಿನಿಂದ ಹಾರಿ, ಕುಣಿಯುವವರ ನಡುವೆ ನುಗ್ಗಿ ಕೈ ಮುಗಿದ, ಬೈದ, ಒಬ್ಬನ ಅಂಗಿ ಹಿಡಿದು ಎಳೆದು ತಂದು ಗಾಜಿನೊಳಗೆ ಮಗುವನ್ನು ತೋರಿಸಿದ. ಆ ಮನುಷ್ಯನೇ ಬ್ಯಾಂಡು ನಿಲ್ಲಿಸಿ ಜನರನ್ನು ಬದಿಗೆ ಸರಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕಾದಿತ್ತು. ಒಳಗೆ ಗರಗಸದ ಸದ್ದು ಶುರುವಾದಾಗ ಸುಧಾಳನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅರುಣ್ ಕುಮಾರ್ ಬಂದರು.

"ಪ್ಲಾಸ್ಟರ್ ಸೀಳಿದೀವಿ. ರಕ್ತ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಚರ್ಮ ಕೊಯ್ದು ಒಳಗಿನ ಒತ್ತಡ ಇಳಿಸ್ಬೇಕಾಗುತ್ತೆ. ಈಗ್ಲೇ ಏನೂ ಹೇಳಲ್ಲಮ್ಮ."

ಸುಧಾ ಗೋಡೆಗೆ ಒರಗಿ ನಿಂತಳು. ನಿಂಗರಾಜುವಿಗೆ ಫೋನ್ ಮಾಡಿದ್ದು ನೇತ್ರಾವತಿ. ಆ ಕಡೆ ಅವನು ಗಟ್ಟಿಯಾಗಿ ಅಳುವುದು ಇಲ್ಲಿಗೂ ಕೇಳಿಸಿತು. ವಿಜಯಕುಮಾರ ಹತ್ತಿರ ಬಂದು ನಿಂತ. ಇಸ್ತ್ರಿ ಅಂಗಿಯ ಗುಂಡಿ ಕಿತ್ತುಹೋಗಿತ್ತು.

"ಸುಧಾ, ಆ ಮರದ್ದು..."

"ಈಗ ಬ್ಯಾಡ ಭಾವ."

ಆದರೂ ಅವನು ಅಲ್ಲಿಂದ ಕದಲಲಿಲ್ಲ.

ಬಾಗಿಲ ಕಡೆ ನೋಡಲು ಸುಧಾಳಿಗೆ ಧೈರ್ಯ ಬರುತ್ತಿರಲಿಲ್ಲ. ನಿನ್ನೆ ರಾತ್ರಿ ಅಷ್ಟು ಅತ್ತಾಗ ಯಾಕೆ ಎದ್ದು ಕಾಲು ನೋಡಲಿಲ್ಲ, ಮುದ್ದು ಮಾಡಿ ಮಲಗಿಸಿದೆನಲ್ಲ ಎಂದು ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕಿಟಕಿಯ ಬೆಳಕು ಕೆಂಪಗಾಗುವ ಹೊತ್ತಿಗೆ ಒಳಗಿನಿಂದ ಹಂಸಿಕಾ ಕಿರುಚಿದಳು. ಉರಿ, ಉರಿ, ಅವ್ವಾ ಕಾಲು ಉರೀತೈತೆ ಎಂದು ಒಂದೇ ಸಮನೆ ಕಿರುಚಿದಳು.

ಸುಧಾ ಒಳಗೆ ನುಗ್ಗಿದಳು. ಡಾಕ್ಟರು ಅವಳನ್ನು ತಡೆಯದೆ ಬೆರಳು ತೋರಿಸಿದರು. ಕಿರುಬೆರಳಿನಿಂದ ಹಿಡಿದು ನಾಲ್ಕು ಬೆರಳು ತಿಳಿಗೆಂಪಾಗಿದ್ದವು. ಹೆಬ್ಬೆರಳು ಇನ್ನೂ ಕಪ್ಪಗಿತ್ತು.

"ಅಳ್ಲಿ ಬಿಡ್ರಿ. ಉರಿ ಗೊತ್ತಾಗ್ತೈತೆ ಅಂದ್ರೆ ಜೀವ ಬರ್ತೈತೆ."

ಆಗ ಸುಧಾ ಮಂಚದ ಕಾಲು ಹಿಡಿದು ನೆಲಕ್ಕೆ ಕೂತು, ಮಗುವಿಗಿಂತ ಜೋರಾಗಿ ಅತ್ತಳು. ನೇತ್ರಾವತಿ ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಬೆನ್ನ ಮೇಲೆ ಕೈ ಇಟ್ಟಳು.

ಕಾಲು ಉಳಿಯಿತು, ಹೆಬ್ಬೆರಳೂ ಉಳಿಯಿತು. ಆದರೆ ಪಾದ ಎತ್ತುವ ನರಕ್ಕೆ ಪೆಟ್ಟಾಗಿತ್ತು. ಮೂಳೆ ಕೂಡಿ ಪ್ಲಾಸ್ಟರ್ ಬಿಚ್ಚಿದ ಮೇಲೂ ಹಂಸಿಕಾ ಬಲಗಾಲನ್ನು ಸ್ವಲ್ಪ ಎಳೆದೇ ನಡೆಯುತ್ತಾಳೆ, ಬೂಟಿನೊಳಗೆ ಪಾದ ಎತ್ತಿಹಿಡಿಯುವ ಒಂದು ಪಟ್ಟಿ ಹಾಕಿಕೊಳ್ಳುತ್ತಾಳೆ. ವ್ಯಾಯಾಮಕ್ಕೆಂದು ದಾವಣಗೆರೆಗೆ ವಿಜಯಕುಮಾರನೇ ಕರೆದೊಯ್ಯುತ್ತಾನೆ. ಅವಳೀಗ ಕೂತೇ ಹೋಗುತ್ತಾಳೆ, ಕಿಟಕಿಯ ಪಕ್ಕ. ನರ ಚಿಗುರಲು ಕಾಲ ಬೇಕು, ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದಿದ್ದಾರೆ ಡಾಕ್ಟರು. ಸುಧಾ ಪ್ರತಿ ಸಲವೂ ಅದನ್ನೇ ಕೇಳುತ್ತಾಳೆ, ಅವರು ಪ್ರತಿ ಸಲವೂ ಅದನ್ನೇ ಹೇಳುತ್ತಾರೆ.