ಅದು ಹೇನಿನ ಅವ್ವ ಅಲ್ಲ

ಹೈಟೆಕ್ ಸಿಟಿಯ ಗಾಜಿನ ಕಟ್ಟಡ ನೋಡಲೆಂದೇ ಜನ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದ ಕಾಲ ಅದು. ಸನತ್‌ನಗರದಲ್ಲಿ ಅಂಗಳ ಇದ್ದವರೆಲ್ಲ ಸಿಮೆಂಟ್ ಸುರಿದು, ಕಂಪ್ಯೂಟರ್ ಕೆಲಸದ ಹುಡುಗರಿಗೆ ಬಾಡಿಗೆ ಕೋಣೆ ಕಟ್ಟಿಸುತ್ತಿದ್ದರು. ಶಿವದೇವಿ ಮಾತ್ರ ಮನೆ ಹಿಂದಿನ ನಾಲ್ಕು ಮಾರು ಮಣ್ಣನ್ನು ಬಿಟ್ಟುಕೊಡಲಿಲ್ಲ. ಲಿಂಗಸುಗೂರಿನ ತವರಿನಲ್ಲಿ ಬಚ್ಚಲ ನೀರು ಹರಿದಲ್ಲೆಲ್ಲ ಪುದೀನಾ ಹಬ್ಬಿರುತ್ತಿತ್ತು. ಆ ವಾಸನೆ ನೆನಪಾದರೆ ಸಾಕು, ಮೂವತ್ತು ವರ್ಷದ ಹೈದರಾಬಾದು ಅವಳಿಗೆ ಒಂದು ಗಳಿಗೆ ಮರೆತೇ ಹೋಗುತ್ತಿತ್ತು.

ಆ ವರ್ಷ ಇನ್ನೊಂದು ಕಾರಣವೂ ಇತ್ತು. ಮಗಳು ಶೈಲಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಯುಗಾದಿ ಆಸುಪಾಸಿಗೆ ದಿನ ತುಂಬುತ್ತಿತ್ತು. ಬಾಣಂತಿಗೆ ಸಬ್ಬಸಿಗೆ ಪಲ್ಯ ಉಣ್ಣಿಸಬೇಕು, ಅದೂ ಕಣ್ಣೆದುರು ಬೆಳೆದದ್ದನ್ನೇ ಉಣ್ಣಿಸಬೇಕು ಎಂಬುದು ಶಿವದೇವಿಯ ಹಟ. ಸಂಕ್ರಾಂತಿ ಮುಗಿದು ಚಳಿ ಹಿಂದೆಗೆಯುತ್ತಲೇ ಮಣ್ಣು ಸಡಿಲಿಸಿ, ಹಳೆಯ ಸಗಣಿ ಗೊಬ್ಬರ ಬೆರೆಸಿದಳು. ಸಬ್ಬಸಿಗೆಯನ್ನು ಹದಿನೈದು ದಿನಕ್ಕೊಂದು ಸಾಲಿನಂತೆ ಬಿತ್ತಿದಳು. ಕೊತ್ತಂಬರಿ ಕಾಳನ್ನು ಅವ್ವ ಮಾಡುತ್ತಿದ್ದ ಹಾಗೆ ತಿಕ್ಕಿ ಎರಡು ಹೋಳು ಮಾಡಿ ಹಾಕಿದಳು. ಮೂಲೆಯಲ್ಲಿ ಚಳಿಗಾಲದ ಕೊತ್ತಂಬರಿ ಬಲಿತು ಬಿಳಿ ಹೂ ಬಿಟ್ಟಿತ್ತು.

ಶಿವರಾತ್ರಿ ಹೊತ್ತಿಗೆ ಸಬ್ಬಸಿಗೆ ಗೇಣುದ್ದ ಬಂತು. ಅದರ ಬೆನ್ನಿಗೆ ಹೇನೂ ಬಂತು. ಎಳೆ ಕುಡಿಗಳಿಗೆಲ್ಲ ಗಿಡದ ರಸ ಹೀರುವ ಹಸಿರು ಹೇನು ಮುತ್ತಿ ಕೈಯಿಟ್ಟರೆ ಅಂಟಂಟು.

ಶಿವದೇವಿ ಎಡವಿದ್ದು ಇಲ್ಲಿಯೇ. ಹೆಸರು ಹೇನು ಅಂದಮೇಲೆ ತಲೆಯ ಹೇನಿನ ಹಾಗೆಯೇ ಇರಬೇಕು ಎಂದುಕೊಂಡಳು. ಹೊತ್ತು ಇಳಿದ ಮೇಲೆ ಕಟ್ಟೆಯ ಮೇಲೆ ಕೂರಿಸಿಕೊಂಡು ಅವ್ವ ಅವಳ ತಲೆ ನೋಡುತ್ತಿದ್ದಳು. “ದೊಡ್ಡ ಹೇನು ಕುಕ್ಕಬೇಕು, ಸೀರು ಎಳೀಬೇಕು, ಸಣ್ಣವು ತಾವ ಹೋಗ್ತಾವು” ಎಂಬುದು ಅವ್ವನ ಪಾಠ. ಆ ಬೆರಳುಗಳ ಸುಖ ಈಗಲೂ ಶಿವದೇವಿಯ ನೆತ್ತಿಯಲ್ಲಿತ್ತು. ಗಿಡ ನೋಡಿದರೆ ಹಸಿರು ಹೇನಿನ ನಡುವೆ ಕಪ್ಪಗೆ, ಮೈಮೇಲೆ ಕಿತ್ತಳೆ ಚುಕ್ಕೆಯ, ಆರು ಕಾಲಿನ ಉದ್ದ ಹುಳಗಳು ಓಡಾಡುತ್ತಿದ್ದವು. ಇವೇ ಹೇನಿನ ಅವ್ವಂದಿರು ಎಂದು ಒಂದೊಂದನ್ನೂ ಹೆಕ್ಕಿ ಕುಕ್ಕಿದಳು. ಎಲೆಯ ಅಡಿ ಒತ್ತಾಗಿ ನಿಂತಿದ್ದ ಹಳದಿ ತತ್ತಿಗಳನ್ನು ಹೇನಿನ ಮೊಟ್ಟೆ, ಅಂದರೆ ಸೀರು ಎಂದು ಒರೆಸಿ ಹಾಕಿದಳು. ಎಂಟು ದಿನ ಬೆನ್ನು ಬಗ್ಗಿಸಿ ದುಡಿದಳು. ಹೇನು ಇಮ್ಮಡಿಯಾದವು.

ಗಂಡ ಅಮರೇಶಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ಸಂಜೆ ಹುಳದ ಪುಡಿಯ ಪೊಟ್ಟಣ ತಂದು ಕೈಗಿಟ್ಟ.

“ಉದುರಿಸಿಬಿಡು, ನಾಳೆ ಮುಂಜಾನಿ ಒಂದ್ ಹುಳ ಇರಂಗಿಲ್ಲ. ಆ ಮುದಿ ಕೊತ್ತಂಬ್ರಿನೂ ಕಿತ್ತಿ ಒಗಿ, ಹುಳಕ್ಕ ಅದ ಮನಿ ಆಗೈತಿ.”

ಶಿವದೇವಿಗೂ ಸಾಕಾಗಿತ್ತು. ಪೊಟ್ಟಣ ಬಿಚ್ಚಲು ಕತ್ತರಿ ತಂದಳು. ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಪಕ್ಕದ ಮನೆಯ ಮಂದಾಕಿನಿ ಬಂದಳು. ರಾಯಚೂರಿನವಳು, ಮದುವೆಗೆ ಮೊದಲು ಸಸಿಗಳ ನರ್ಸರಿಯಲ್ಲಿ ಕೆಲಸ ಮಾಡಿದವಳು.

“ಶಿವದೇವಕ್ಕ, ನಿಂದ್ರಿ! ಈ ಸಬ್ಬಸಗಿ ತಿನ್ನೋರು ಯಾರು?”

“ಶೈಲಾ ತಿಂತಾಳ. ಬಾಣಂತಿಗಂತನ ಹಾಕೀನಿ.”

“ಹಂಗಾದ್ರ ಆ ಪುಡಿನೂ ಬಾಣಂತಿಗೇ ಉಣಸ್ತೀರೇನು? ಹುಳದ ಔಷಧ ತೊಳದ್ರೂ ಪೂರಾ ಹೋಗಂಗಿಲ್ರಿ. ತಾಯಿ ತಿಂದದ್ದು ಕೂಸಿಗೂ ಮುಟ್ಟಬಹುದು.”

ಶಿವದೇವಿ ಕತ್ತರಿ ಕೆಳಗಿಟ್ಟಳು. “ಮತ್ತೇನ್ ಮಾಡಲಿ ತಂಗಿ? ಹೇನಿನ ಅವ್ವನ್ನ ಹುಡುಕಿ ಹುಡುಕಿ ಕುಕ್ಕೀನಿ, ಆದ್ರೂ ತೀರವಲ್ವು” ಎಂದು ಕರಿ ಹುಳ ತೋರಿಸಿದಳು.

ಮಂದಾಕಿನಿ ಹಣೆ ಬಡಿದುಕೊಂಡಳು. ಆಮೇಲೆ ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಅಯ್ಯ ಅಕ್ಕ, ಅದು ಹೇನಿನ ಅವ್ವ ಅಲ್ರಿ, ಹೇನಿನ ಯಮ! ಕೆಂಪಗ, ಮ್ಯಾಲ ಕರಿ ಚುಕ್ಕಿ ಇರೋ ಗುಲಗಂಜಿ ಹುಳ ನೋಡೀರಲ್ಲ, ಅದರ ಮರಿ ಇದು. ನೀವು ಸೀರಂತ ಒರಸಿದ್ದು ಅದರ ತತ್ತಿ. ದಿನಾ ಹತ್ತಾರು ಹೇನು ತಿಂತಾವು ಇವು.”

ಚಿಕ್ಕಂದಿನಲ್ಲಿ ಗುಲಗಂಜಿ ಹುಳವನ್ನು ಅಂಗೈ ಮೇಲೆ ಬಿಟ್ಟುಕೊಂಡು, ಬೆರಳ ತುದಿಗೆ ಹತ್ತಿ ಅದು ಹಾರುವುದನ್ನೇ ಕಾಯುತ್ತಿದ್ದವಳು ಶಿವದೇವಿ. ಅಷ್ಟು ಚೆಂದದ ಹುಳದ ಮರಿ ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಕಾಯಲು ಬಂದವರನ್ನೇ ಎಂಟು ದಿನ ಕೊಂದೆನಲ್ಲ ಎಂದು ಮರುಗಿದಳು.

ಅಮರೇಶಪ್ಪ ಒಪ್ಪಲಿಲ್ಲ. “ಹುಳ ಬಿಟ್ಟು ಗಿಡ ಕಾಯಸೋದಾ? ಕಳ್ಳನ ಕೈಯಾಗ ಕೀಲಿಕೈ ಕೊಟ್ಟಂಗಾತು.”

“ಅಣ್ಣಾರ, ಹತ್ತು ದಿನ ಕೊಡ್ರಿ. ಪುಡಿ ಹಾಕಿದ್ರ ಹೇನಿನ ಕೂಡ ಇವೂ ಸಾಯ್ತಾವು. ಹೇನು ಲಗೂನ ತಿರುಗಿ ಬರ್ತಾವು, ಇವು ಬರಾಕ ಭಾಳ ದಿನ ಬೇಕು. ಹೂವಿನ ಕೊತ್ತಂಬ್ರಿ ಕೀಳಬ್ಯಾಡ್ರಿ, ಅದರ ರಸಕ್ಕ ಜೇನು, ಗುಲಗಂಜಿ ಹುಳ ಎಲ್ಲಾ ಬರ್ತಾವು. ಭಾಳ ಮುತ್ತಿದ ಕುಡಿ ಅಷ್ಟ ಚೂಟಿ ಒಗೀರಿ. ಈ ಮರಿ ಇಲ್ಲದ ಗಿಡಕ್ಕ ಮುಂಜಾನಿ ಜೋರಾಗಿ ನೀರು ಹೊಡೀರಿ. ಒಂದು ತಾಟಿನ್ಯಾಗ ಹಳ್ಳು, ಸಣ್ಣ ಕಲ್ಲು ಹಾಕಿ ನೀರಿಡ್ರಿ, ಅವಕ್ಕೂ ನೀರಡಿಕಿ ಆಗ್ತೈತಿ.”

ತವರಿನ ಹಿತ್ತಲಲ್ಲೂ ಪ್ರತಿ ವರ್ಷ ಒಂದು ಸಾಲು ಕೊತ್ತಂಬರಿ ಕೀಳದೆ ಉಳಿಯುತ್ತಿತ್ತು. “ಬರೋ ಹೋಗೋರಿಗೆ ಇರಲಿ” ಎನ್ನುತ್ತಿದ್ದಳು ಅವ್ವ. ನೆಂಟರಿಗೆ ಎಂದೇ ಶಿವದೇವಿ ಇಷ್ಟು ವರ್ಷ ತಿಳಿದಿದ್ದಳು. ಅವ್ವ ಇದ್ದಾಗ ಒಂದು ಮಾತು ಕೇಳಬಾರದಿತ್ತೇ ಎಂದು ಕಣ್ಣು ತುಂಬಿ ಬಂತು.

ಶಿವದೇವಿ ಮಂದಾಕಿನಿ ಹೇಳಿದ ಹಾಗೆಯೇ ಮಾಡಿದಳು. ಅಮರೇಶಪ್ಪ ಮನಸ್ಸಿಲ್ಲದೆ ಹತ್ತು ದಿನಕ್ಕೆ ಒಪ್ಪಿ, ಪೊಟ್ಟಣವನ್ನು ಅಟ್ಟದ ಮೇಲಿಟ್ಟು ದಿನ ಎಣಿಸತೊಡಗಿದ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಹಿತ್ತಲಿಗೆ ಹೋಗಿ, ಏನಾದರೂ ತಪ್ಪು ಸಿಕ್ಕೀತೇ ಎಂದು ಹುಡುಕುವನು. ಏಳನೆಯ ದಿನ ಚಾಳೀಸಿನ ಕನ್ನಡಕ ಹಾಕಿಕೊಂಡು ಮೊಣಕಾಲೂರಿದವನು ಎಷ್ಟು ಹೊತ್ತಾದರೂ ಏಳಲೇ ಇಲ್ಲ.

“ಏ ಶಿವದೇವಿ, ಲಗೂ ಬಾ ಇಲ್ಲೆ! ಈ ಮರಿ ಹೇನನ್ನ ಭಜಿ ತಿಂದಂಗ ತಿನ್ನಾಕತ್ತೈತಿ ನೋಡು!”

ಅಂದು ಕಾರ್ಖಾನೆಯ ಸೈರನ್ ಕೂಗಿದ್ದೂ ಅವನಿಗೆ ಕೇಳಲಿಲ್ಲ. ಸಂಜೆ ಪೊಟ್ಟಣವನ್ನು ತಾನೇ ಅಂಗಡಿಗೆ ಹಿಂತಿರುಗಿಸಿ ಬಂದ. ಯುಗಾದಿ ಹೊತ್ತಿಗೆ ಹೇನು ಅಲ್ಲೊಂದು ಇಲ್ಲೊಂದು ಉಳಿದಿದ್ದವಷ್ಟೆ.

ಯುಗಾದಿಯಾದ ನಾಲ್ಕನೆಯ ದಿನ ಶೈಲಾಳಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ ಬಡಿಸಿದಾಗ, ಕೂಸಿಗೆ ಹಾಲೂಡಿಸುತ್ತಿದ್ದ ಶೈಲಾ ಕೇಳಿದಳು: “ಯವ್ವಾ, ಇದಕ್ಕ ಏನರ ಹೊಡದೀರೇನು?”

ಶಿವದೇವಿ ಮೊಮ್ಮಗಳ ಮುಖ ನೋಡಿದಳು. “ಏನೂ ಹೊಡದಿಲ್ಲವ್ವ, ತಿನ್ನು” ಎಂದಳು. ಖುಷಿಯಿಂದ ಇನ್ನೊಂದು ಸೌಟು ಬಡಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಅಂಗಳ ಇಲ್ಲದಿದ್ದರೆ ಬಿಸಿಲು ಬೀಳುವ ಕಡೆ ಒಂದು ಒಡೆದ ಬಕೆಟ್ಟಾದರೂ ಇಡಿ. ಹಿಡಿ ಕೊತ್ತಂಬರಿ ಬಿತ್ತಿ, ನಾಲ್ಕು ಗಿಡ ಹೂವಿಗೆ ಬಿಡಿ. ಹುಳ ಕಂಡ ಕೂಡಲೇ ಕೈ ಎತ್ತಬೇಡಿ. ಅದು ಎಲೆ ತಿನ್ನುವುದೋ, ಎಲೆಯ ಶತ್ರುವನ್ನು ತಿನ್ನುವುದೋ, ಒಂದು ಗಳಿಗೆ ಕೂತು ನೋಡಿ. ನಿಮ್ಮ ಮನೆಯ ತಾಟಿಗೆ ಪಲ್ಯ ಬಡಿಸುವಾಗ “ಏನೂ ಹೊಡೆದಿಲ್ಲ, ತಿನ್ನು” ಎಂದು ನೀವೂ ಧೈರ್ಯವಾಗಿ ಹೇಳುವಂತಾಗಲಿ.