ಬಿರುಗಾಳಿಯ ದಿನ ಹೊಲಿದ ರೆಕ್ಕೆ

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಅದನ್ನು ನನ್ನ ತಮ್ಮನನ್ನು ನೋಡಿಯೇ ಹೇಳಿರಬೇಕು. ಜನರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಕೆಲಸ, ನೆರಳಲ್ಲಿ ಕೂತು ಮಾಡುವಂಥದ್ದು. ಮನೆಯಲ್ಲಿ ಚಿನ್ನದಂಥ ಹೆಂಡತಿ. ಇಷ್ಟಿದ್ದೂ ರಜೆ ಬಂತೆಂದರೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುತ್ತಾನೆ. ಅದಕ್ಕೆ ಪ್ಯಾರಾಗ್ಲೈಡಿಂಗ್ ಅಂತ ಹೆಸರಂತೆ. ನಾನು ಟೈಲರ್, ನನಗೆ ಅದು ಬಟ್ಟೆ.

ಆವತ್ತು ಬೆಳಿಗ್ಗೆಯಿಂದ ರೇಡಿಯೋದಲ್ಲಿ ಒಂದೇ ಮಾತು: ಸಂಜೆ ಬಿರುಗಾಳಿ, ಯಾರೂ ಹೊರಗೆ ಬರಬೇಡಿ. ಬರಬೇಡಿ ಅಂದಿದ್ದಕ್ಕೇ ಇರಬೇಕು, ಮಧ್ಯಾಹ್ನ ತಮ್ಮ ರೆಕ್ಕೆ ಹೊತ್ತುಕೊಂಡು ಅಂಗಡಿಗೆ ಬಂದ.

“ಅಕ್ಕ, ಅಂಚು ಸ್ವಲ್ಪ ಹರಿದಿದೆ. ಬೇಗ ಹೊಲಿದುಕೊಡು, ಸಂಜೆ ಹಾರಬೇಕು.”

“ರೇಡಿಯೋ ಕೇಳಿಲ್ವಾ?”

“ಅದಕ್ಕೇ ತಾನೇ ಹಾರೋದು. ಬಿರುಗಾಳಿಗೆ ಮುಂಚೆ ಬರೋ ಗಾಳಿ ಸಲೀಸಾಗಿ ಮೇಲಕ್ಕೆ ಎತ್ತುತ್ತಂತೆ. ಜಿಮ್ ಗುರುಗಳು ಹೇಳಿದ್ರು.”

ಜಿಮ್ ಗುರು ಅಂದರೆ ಇವನಿಗೆ ಈ ಹುಚ್ಚು ಹಿಡಿಸಿದ ಮಹಾನುಭಾವ. ಮೈಯ ಎಲ್ಲ ಭಾಗಕ್ಕೂ ವ್ಯಾಯಾಮ ಮಾಡಿಸಿದ್ದಾನೆ, ತಲೆಯೊಂದನ್ನು ಬಿಟ್ಟು.

“ಎತ್ತೋದು ಗಾಳಿ, ಸರಿ. ಇಳಿಸೋದ್ಯಾರು?”

“ಇಳಿಯೋದು ತಾನಾಗೇ ಆಗುತ್ತೆ.”

“ಹೌದಪ್ಪ, ಕಲ್ಲೂ ತಾನಾಗೇ ಇಳಿಯುತ್ತೆ.”

ಅವನು ನಕ್ಕು, ಸಂಜೆ ಬಂದು ತಗೊಂಡು ಹೋಗ್ತೀನಿ ಅಂತ ಹೊರಟ. ಅವನು ಹೋಗುವುದನ್ನೇ ಕಾಯುತ್ತಿದ್ದವಳಂತೆ ಅವನ ಹೆಂಡತಿ ಒಳಗೆ ಬಂದಳು. ಹಾರಬೇಡಿ ಅಂತ ಹೇಳಿ ಹೇಳಿ ಅವಳ ಧ್ವನಿ ಬಿದ್ದುಹೋಗಿತ್ತು.

“ಅಕ್ಕ, ಸಡಿಲವಾಗಿ ಹೊಲಿದುಬಿಡಿ. ಬಿಚ್ಚಿದ ಕೂಡ್ಲೆ ಹರಿದುಹೋಗ್ಲಿ.”

“ನೆಲದ ಮೇಲೆ ಹರಿದ್ರೆ ಸರಿ. ಮೇಲೆ ಹೋದ್ಮೇಲೆ ಹರಿದ್ರೆ?”

ಅವಳು ಕುರ್ಚಿಯಲ್ಲಿ ಕುಸಿದಳು. ಹೊಲಿಯುವುದಿಲ್ಲ ಎಂದರೆ ಅವನು ಇನ್ಯಾರದೋ ರೆಕ್ಕೆ ಎರವಲು ತಂದು ಹಾರುತ್ತಾನೆ, ಬಡಪೆಟ್ಟಿಗೆ ಬಿಡುವ ಆಸಾಮಿಯಲ್ಲ. ಗುಡ್ಡದ ಮೇಲೆ ಇವನ ಕೈಯಲ್ಲಿ ಇದೇ ರೆಕ್ಕೆ ಇರಬೇಕು, ಆದರೆ ಅದು ಏಳಬಾರದು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನೋಡುತ್ತ ನಿಂತೆ.

ಆ ರೆಕ್ಕೆಯ ಮುಂದಿನ ಅಂಚಿನಲ್ಲಿ ದಿಂಬಿನ ಕವರುಗಳನ್ನು ಸಾಲಾಗಿ ಜೋಡಿಸಿದಂತೆ ಬಾಯಿಗಳಿರುತ್ತವೆ. ಅವುಗಳೊಳಗೆ ಗಾಳಿ ನುಗ್ಗಿದರೆ ಮಾತ್ರ ರೆಕ್ಕೆ ಉಬ್ಬಿ ಮೇಲೇಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ಅವನೇ, ಊಟದ ಹೊತ್ತಿನಲ್ಲಿ, ಯಾರೂ ಕೇಳದಿದ್ದರೂ.

ಮೊದಲು ಹರಿದದ್ದನ್ನು ಅಚ್ಚುಕಟ್ಟಾಗಿ ಹೊಲಿದೆ. ಕಸುಬಿಗೆ ದ್ರೋಹ ಮಾಡಬಾರದು. ಆಮೇಲೆ ಸ್ಕೂಲ್ ಬ್ಯಾಗಿಗೆ ಹಾಕುವ ದಪ್ಪ ದಾರ ಪೋಣಿಸಿಕೊಂಡು ಅಷ್ಟೂ ಬಾಯಿಗಳನ್ನು ಡಬಲ್ ಹೊಲಿಗೆ ಹಾಕಿ ಮುಚ್ಚಿದೆ. ನೀಟಾಗಿ ಮಡಚಿ ಚೀಲಕ್ಕೆ ತುಂಬಿದೆ. ತಮ್ಮ ಬಂದವನು ತೆರೆದೂ ನೋಡಲಿಲ್ಲ. “ನನ್ನಕ್ಕನ ಹೊಲಿಗೆ ಅಂದ್ರೆ ಹೊಲಿಗೆ” ಎಂದು ಹೊತ್ತುಕೊಂಡು ಹೋದ.

ಅಂಗಡಿಗೆ ಬೀಗ ಹಾಕಿ ನಾವಿಬ್ಬರೂ ಹಿಂದೆಯೇ ಗುಡ್ಡ ಹತ್ತಿದೆವು. ರೇಡಿಯೋ ಮಾತು ಕೇಳದವರು ಇನ್ನೂ ಬೇಕಾದಷ್ಟು ಜನ ಅಲ್ಲಿ ನೆರೆದಿದ್ದರು. ತಮ್ಮ ಹಗ್ಗ ಹಿಡಿದು ಓಡಿದ. ರೆಕ್ಕೆ ಒದ್ದೆ ಬೆಡ್‌ಶೀಟಿನ ಹಾಗೆ ಹಿಂದಿನಿಂದ ಉರುಳಿಕೊಂಡು ಬಂತು. ಮತ್ತೆ ಓಡಿದ. ಜನ ಸಿಳ್ಳೆ ಹಾಕಿದರು. ಗಾಳಿ ಸರಿಯಿಲ್ಲ ಎಂದ. ಗಾಳಿಗೆ ಅವನ ಟೋಪಿಯೇ ಹಾರಿಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕೊನೆಗೆ ಬಗ್ಗಿ ನೋಡಿದ. ಹೊಲಿಗೆ ಕಂಡಿತು, ಹೊಲಿದವಳೂ ಕಂಡಳು. ನನ್ನನ್ನು ಬೈಯುತ್ತಲೇ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆಯತೊಡಗಿದ. ಊರಿನವರ ಹಲ್ಲು ಸರಿಮಾಡುವವನು ತನ್ನ ಹಲ್ಲನ್ನು ಪಣಕ್ಕಿಟ್ಟಿದ್ದ.

ಅಷ್ಟರಲ್ಲಿ, ಪಕ್ಕದಲ್ಲೇ ತನ್ನ ರೆಕ್ಕೆ ಬಿಚ್ಚಿಕೊಂಡು ನಿಂತಿದ್ದ ಜಿಮ್ ಗುರು ಹಾರಿದ. ಹಾರಿದ ಅನ್ನುವುದಕ್ಕಿಂತ, ಗಾಳಿ ಅವನನ್ನು ಎತ್ತಿಕೊಂಡು ಹೋಯಿತು. ಮುಖ ಮುಂದಕ್ಕೆ, ಪ್ರಯಾಣ ಹಿಂದಕ್ಕೆ. ನಮ್ಮ ತಲೆಯ ಮೇಲೆ ಹಿಮ್ಮುಖವಾಗಿ ಹೋಗುತ್ತ ಏನೋ ಕೂಗಿದ. ಒಬ್ಬರು ನಕ್ಕರು. ಮರುಕ್ಷಣ ರೆಕ್ಕೆ ಮುದುಡಿತು, ಅವನು ಗಿರಗಿರ ತಿರುಗುತ್ತ ಗುಡ್ಡದ ಆಚೆ ಬಿದ್ದ. ಆಮೇಲೆ ಯಾರೂ ನಗಲಿಲ್ಲ.

ಮಳೆ ಅಪ್ಪಳಿಸಿತು. ಮೂವರೂ ಗುಡ್ಡ ಇಳಿದು ಓಡಿ, ಕೆಳಗಿನ ಬಸ್‌ಸ್ಟಾಪಿನ ಗೋಡೆಗೆ ಅಂಟಿಕೊಂಡು ಕೂತೆವು. ಎದುರಿನ ಮರ ಬುಡಸಮೇತ ಮಲಗಿತು. ತಮ್ಮನ ಹೆಂಡತಿ ಅವನ ತೋಳು ಹಿಡಿದವಳು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಅವನ ಫೋನಿಗೆ ಸುದ್ದಿ ಬಂತು: ಗುರು ತರಕಾರಿ ಮಾರ್ಕೆಟ್ಟಿನ ತಗಡಿನ ಚಾವಣಿಯ ಮೇಲೆ ಸಿಕ್ಕಿದ್ದಾನೆ, ಸೊಂಟ ಮುರಿದಿದೆ, ಜೀವ ಇದೆ.

ಅವನು ಓದಿ ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟ. ದಾರಿಯುದ್ದಕ್ಕೂ ನಾನು ಜೋಡಿಸಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅಳು ಬಂತು.

“ಅಷ್ಟು ಜನರ ಮುಂದೆ ನನ್ನ ನಗೆಪಾಟಲು ಮಾಡಿದ್ಯಲ್ಲ, ಅಕ್ಕ. ಇನ್ನು ಜನ್ಮದಲ್ಲಿ ನಿನ್ನ ಹತ್ರ ಮಾತಾಡಲ್ಲ” ಎಂದ.

“ಆಡಬೇಡ. ಮಾತು ಬಿಡೋಕಾದ್ರೂ ಒಬ್ಬ ತಮ್ಮ ಉಳಿದನಲ್ಲ, ಅಷ್ಟು ಸಾಕು ನಂಗೆ.”

ಅವನು ಮುಖ ಆ ಕಡೆ ತಿರುಗಿಸಿಕೊಂಡ. ಆ ಕಡೆಯೇ ನೋಡುತ್ತ, ಮಳೆ ನಿನ್ನ ಮೇಲೆ ಬೀಳ್ತಿದೆ, ಈ ಕಡೆ ಸರಿದು ಕೂತ್ಕೋ ಅಂದ.