ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಕಿಟ್, ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಕಿಟ್.

ಗಂಟೆ ಒಂದೂವರೆ ಇರಬಹುದು. ಸೊಸೆ ಹಾಸಿಗೆಯಲ್ಲೇ ಕಣ್ಣು ಬಿಟ್ಟು ಒಂದೊಂದೇ ಸಂಶಯವನ್ನು ತೂಗಿ ನೋಡಿದಳು. ನಲ್ಲಿ ಅಲ್ಲ, ಹನಿಯ ಸದ್ದು ಒದ್ದೆಯಾಗಿರುತ್ತದೆ. ಇಲಿಯೂ ಅಲ್ಲ, ಇಲಿ ಒಂದೇ ಕಡೆ ನಿಂತು ಮಾತಾಡುವುದಿಲ್ಲ. ಸದ್ದು ಮಗಳ ಕೋಣೆಯದು ಎಂದು ತಿಳಿದೊಡನೆ ಎದ್ದು ಕೂತಳು. ಪಕ್ಕದಲ್ಲಿ ಗಂಡ ಲೋಕ ಮರೆತು ಗೊರಕೆ ಹೊಡೆಯುತ್ತಿದ್ದ.

ಮೊಬೈಲಿನ ಬೆಳಕು ಹಿಡಿದು ಹೋದಳು. ಆರು ವರ್ಷದ ಗುಬ್ಬಿ ಕೈಕಾಲು ಹರವಿಕೊಂಡು ಮಲಗಿದ್ದಳು. ಅವಳ ತಲೆಯ ನೇರಕ್ಕೆ, ಮೇಲೆ ಗೋಡೆಯಲ್ಲಿ, ಅತ್ತೆ ಕಳೆದ ವಾರ ಕೂರಿಸಿದ ಕಪಾಟು. ಹಳೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಡಬ್ಬಿಗಳನ್ನು ಹೊತ್ತದ್ದು ಈಗ ಗುಬ್ಬಿಯ ಪುಸ್ತಕಗಳನ್ನು ಹೊತ್ತಿತ್ತು. ಅದರ ಮೇಲಂಚಿಗೂ ಗೋಡೆಗೂ ನಡುವೆ ಕಳೆದ ವಾರ ಒಂದು ಬೆರಳು ಹೋಗುತ್ತಿತ್ತು. ಈಗ ಎರಡು ಬೆರಳು ಆರಾಮಾಗಿ ಹೋದವು.

ಮಗಳನ್ನು ಎತ್ತಿಕೊಂಡು ತಂದು ತಮ್ಮಿಬ್ಬರ ನಡುವೆ ಮಲಗಿಸಿದಳು. “ಏನಾಯ್ತೇ?” ಎಂದು ಗಂಡ ಅರೆನಿದ್ದೆಯಲ್ಲಿ ಕೇಳಿದ. “ಕೆಟ್ಟ ಕನಸಂತೆ,” ಎಂದಳು. ಆಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ.

ಗಂಡನಿಗೆ ನಿಜ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹೊಸ ಅಡುಗೆಮನೆ ಮಾಡಿಸಿದಾಗ ಕಿತ್ತ ಹಳೆಯ ಕಪಾಟುಗಳನ್ನು ಗುಜರಿಗೆ ಹಾಕೋಣವೆಂದು ಅವನು, ಹಾಕಿದರೆ ನನ್ನನ್ನೂ ಜೊತೆಗೇ ಹಾಕು ಎಂದು ಅವನಮ್ಮ. ಕೊನೆಗೆ ಅವನು ಒಂದು ಷರತ್ತಿಗೆ ಒಪ್ಪಿದ್ದ: “ನೆಲದ ಮೇಲೆ ಏನು ಬೇಕಾದ್ರೂ ಮಾಡ್ಕೋಮ್ಮ. ಗೋಡೆಗೆ ಮಾತ್ರ ಒಂದೇ ಒಂದು. ಅದು ನೆಟ್ಟಗೆ ನಿಂತ್ರೆ ಮಿಕ್ಕ ಮೂರೂ ಹಾಕು. ಅಲುಗಾಡ್ತೋ, ಭಾನುವಾರ ಗುಜರಿಯವನು ಬರ್ತಾನೆ. ಕಪಾಟಿನ ಜೊತೆ ನಿನ್ನ ಡ್ರಿಲ್ಲೂ ಹೋಗುತ್ತೆ. ಅರವತ್ತೆರಡಾಯ್ತು, ಇನ್ನಾದ್ರೂ ಸುಮ್ನೆ ಕೂತ್ಕೋ.”

ಸುಮ್ಮನೆ ಕೂರುವುದು ಅತ್ತೆಗೆ ಬರುವ ವಿದ್ಯೆಯಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಕೈ. ಅಲ್ಲಿ ಎಲ್ಲರಿಗೂ ಆಕೆ ಕಟಿಂಗ್ ಮೇಡಂ. ನಿವೃತ್ತಿಯಾದ ಮೊದಲ ಮೂರು ತಿಂಗಳು ಕಿಟಕಿಯ ಬಳಿ ಕೂತು, ಹೋಗಿಬರುವವರ ಅಂಗಿಗಳಲ್ಲಿ ತೋಳು ಎಲ್ಲಿ ತಪ್ಪಿದೆಯೆಂದು ಹೇಳುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟಿದ್ದರು. ಆ ದಿನಗಳ ಮೌನ ಸೊಸೆಗೆ ಗೋಡೆಯ ಸದ್ದಿಗಿಂತ ಹೆಚ್ಚು ಭಯ ಹುಟ್ಟಿಸಿತ್ತು. ಹಳೆಯ ಕಪಾಟುಗಳು ಗೋಡೆಯಿಂದ ಇಳಿದ ದಿನವೇ ಅತ್ತೆ ಎದ್ದು ಕೂತರು.

ಎಂಥ ಕೆಲಸ ಅದು! ಸಿಂಕಿನ ಕೆಳಗಿದ್ದ ಕಪಾಟು ಬಾಗಿಲ ಬಳಿ ಚಪ್ಪಲಿ ಗೂಡಾಯಿತು. ಚಪ್ಪಲಿಗೂ ಉಸಿರಾಡಬೇಕಲ್ಲ ಎಂದು ಅದರ ಬೆನ್ನಿಗೆ ಗುಂಡಿಯಷ್ಟಷ್ಟೇ ತೂತುಗಳ ಮೂರು ಸಾಲು. ಉದ್ದನೆಯ ಎರಡನ್ನು ಕಿಟಕಿಯ ಕೆಳಗೆ ಅಂಗಾತ ಮಲಗಿಸಿ, ಮೇಲೆ ಮೆತ್ತೆ ಹೊಲಿದು ಹಾಕಿದರೆ ಕೂರಲು ಪೀಠ, ಒಳಗೆ ಚಳಿಗಾಲದ ಹೊದಿಕೆಗಳು. ಹದಿನೆಂಟು ವರ್ಷದ ಎಣ್ಣೆಜಿಡ್ಡನ್ನು ಸೋಡಾಪುಡಿಯಿಂದ ಉಜ್ಜಿ ತೆಗೆದಿದ್ದರು. ಹಳೆಯ ಸ್ಕ್ರೂ ತೂತುಗಳಿಗೆ ಬೆಂಕಿಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ ತುಂಬಿ, ಬ್ಲೇಡಿನಿಂದ ಸಮ ಮಾಡಿದ್ದರು. ಆ ಜಾಗಗಳನ್ನು ಬೆರಳಿನಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ಸೊಸೆ ಮುದ್ರಣಾಲಯವೊಂದರಲ್ಲಿ ಔಷಧದ ಚೀಟಿಗಳ ಕರಡು ತಿದ್ದುವವಳು. ತಪ್ಪು ಹುಡುಕುವುದೇ ಅವಳ ಅನ್ನ. ಆದರೆ ಅತ್ತೆಯ ಕೆಲಸದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಅವಳಿಗೆ ತಪ್ಪು ಸಿಕ್ಕಿರಲಿಲ್ಲ.

ಬೆಳಿಗ್ಗೆ ಗಂಡ ಗುಬ್ಬಿಯನ್ನು ಶಾಲೆಗೆ ಬಿಟ್ಟು ಹಾಗೇ ಕೆಲಸಕ್ಕೆ ಹೋದ. ಅವಳಿಗೆ ಅಂದು ವಾರದ ರಜೆ. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಮಂಚವನ್ನು ಆಚೆ ಎಳೆದು, ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸತೊಡಗಿದಳು.

“ಯಾಕೇ, ಅಂಗಡಿ ಖಾಲಿ ಮಾಡ್ತಿದ್ದೀಯ?” ಬಾಗಿಲಲ್ಲಿ ಅತ್ತೆ, ತಲೆಗೆ ಟವೆಲ್ ಸುತ್ತಿಕೊಂಡು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. “ರಾತ್ರಿ ಗೋಡೆ ಸದ್ದು ಮಾಡ್ತಿತ್ತು, ಅತ್ತೆ.”

“ಗೋಡೆಗೂ ಬಾಯಿ ಬಂತಾ? ನಿನಗೆ ಹುಲ್ಲುಕಡ್ಡಿ ಅಲುಗಾಡಿದ್ರೂ ಭೂಕಂಪ. ನೋಡು, ಇದನ್ನ ಆನೆ ಎಳೆದ್ರೂ...” ಎನ್ನುತ್ತ ಬಂದು ಕಪಾಟಿನ ಮೇಲಂಚನ್ನು ಹಿಡಿದರು. ಅದು ಮುಂದಕ್ಕೆ ವಾಲಿತು. ಸೊಸೆ ಎರಡೂ ಕೈ ಕೊಟ್ಟು ತಡೆದಳು. ಮೂಲೆಯ ಸ್ಕ್ರೂ ಒಂದು ತಾನಾಗಿಯೇ ಜಾರಿ, ನೆಲದ ಮೇಲೆ ಉರುಳಿ, ಅತ್ತೆಯ ಪಾದದ ಬಳಿ ನಿಂತಿತು.

ಇಬ್ಬರೂ ಕಪಾಟನ್ನು ಇಳಿಸಿ ಹಾಸಿಗೆಯ ಮೇಲಿಟ್ಟರು. ಅತ್ತೆ ಅದರ ಪಕ್ಕದಲ್ಲಿ ಕೂತರು.

“ಕೂಸು ಇದರ ಕೆಳಗೆ ಮಲಗಿತ್ತು,” ಎಂದರು.

“ರಾತ್ರೀನೇ ಎತ್ಕೊಂಡು ಹೋದೆ.”

“ನನ್ನ ಕೈ ಹೋಯ್ತು ಕಣೇ. ಅವನು ಹೇಳಿದ್ದು ಸರಿ. ಗುಜರಿಯವನಿಗೆ ಫೋನ್ ಮಾಡು. ಭಾನುವಾರದ ತನಕ ಯಾಕೆ, ಇವತ್ತೇ ಬರ್ಲಿ.”

ಸೊಸೆ ಸ್ಕ್ರೂ ಎತ್ತಿಕೊಂಡು ಬೆಳಕಿಗೆ ಹಿಡಿದಳು. ತುದಿಗೆ ಮಾತ್ರ ಒಂದಿಷ್ಟು ಸುಣ್ಣದ ಪುಡಿ. ಗೋಡೆಯ ತೂತುಗಳನ್ನು ನೋಡಿದಳು. ನಾಲ್ಕೂ ಒಂದೇ ಸಾಲಿನಲ್ಲಿ, ಅಳತೆಗೋಲಿಟ್ಟಂತೆ. ಕಪಾಟಿನ ಬೆನ್ನು ತಿರುಗಿಸಿದಳು. ಅಲ್ಲಿ ಉದ್ದಕ್ಕೂ ಅರ್ಧ ಇಂಚು ದಪ್ಪದ ಮರದ ಪಟ್ಟಿ, ಅಂಚು ಉಜ್ಜಿ ನುಣುಪಾಗಿಸಿದ್ದು.

“ಇದು ಯಾಕೆ, ಅತ್ತೆ?”

“ಯಾಕೇಂದ್ರೆ? ಗೋಡೆ ನೆಟ್ಟಗಿದೆಯೋ ಇಲ್ವೋ, ತೇವ ಬರುತ್ತೋ ಏನೋ. ಅರ್ಧ ಇಂಚು ಬಿಡ್ಬೇಕಪ್ಪ! ಬಿಟ್ಟಿದ್ರೆ ಒಳಗೆ ಮಡಚ್ಬಹುದು. ಬಿಡದೇ ಹೋದ್ರೆ ಬಟ್ಟೆ ಎಲ್ಲಿಂದ ತರ್ತೀಯ?”

ಹೇಳಿದ ಮೇಲೆ ಅತ್ತೆಯೇ ತಮ್ಮ ಮಾತನ್ನು ಕೇಳಿಸಿಕೊಂಡರು. ಸೊಸೆಯ ಕೈಯಿಂದ ಸ್ಕ್ರೂ ಕಿತ್ತುಕೊಂಡರು. ಅಡುಗೆಮನೆಯಿಂದ ಬಿಚ್ಚಿದ ಅದೇ ಹಳೆಯ ಒಂದೂವರೆ ಇಂಚಿನದು. ಕಪಾಟಿನ ಹಲಗೆಗೆ ಅರ್ಧ ಇಂಚು, ತಾವು ಬಿಟ್ಟ ಪಟ್ಟಿಗೆ ಅರ್ಧ ಇಂಚು. ಗೋಡೆಗೆ ಉಳಿದದ್ದು ಬರೀ ಗಾರೆ ಕಚ್ಚುವಷ್ಟು.

“ಥೂ!” ಎಂದರು. “ಹೊಲಿಗೆಗೆ ಬಿಟ್ಟೆ ಕಣೇ! ಮರಕ್ಕೆ ಹೊಲಿಗೆಗೆ ಬಿಟ್ಟೆ!”

“ಕೈ ಎಲ್ಲೂ ಹೋಗಿಲ್ಲ ಅತ್ತೆ. ಕೈ ಇನ್ನೂ ಕಾರ್ಖಾನೇಲೇ ಇದೆ.”

ಅತ್ತೆ ಅವಳನ್ನು ಗುರಾಯಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡದ್ದನ್ನು ಸೊಸೆ ನೋಡಿಯೂ ನೋಡದಂತಿದ್ದಳು.

ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಗೆ ಅವಳೇ ಓಡಿದಳು. ಮೂರು ಇಂಚಿನ ಸ್ಕ್ರೂ ಕೇಳಿದ್ದಕ್ಕೆ ಅಂಗಡಿಯವನು, “ಏನಮ್ಮ, ಮನೇನೇ ಗೋಡೆಗೆ ನೇತು ಹಾಕ್ತೀರಾ?” ಎಂದ. ವಾಪಸು ಬರುವಷ್ಟರಲ್ಲಿ ಅತ್ತೆ ತೂತುಗಳನ್ನು ಆಳ ಮಾಡಿ, ಧೂಳು ಊದಿ, ಸೆರಗು ಬಿಗಿದು ನಿಂತಿದ್ದರು. ಅವರು ತೂತುಗಳಿಗೆ ಪ್ಲಾಸ್ಟಿಕ್ ಪ್ಲಗ್ ಬಡಿದರು, ಅವಳು ಕಪಾಟನ್ನು ಹೆಗಲ ಮೇಲೆ ಹೊತ್ತು ನಿಂತಳು. “ಅಲುಗಾಡ್ಬೇಡ್ವೇ, ನೀನೇನು ಊದಿನಕಡ್ಡಿ ಹೊಗೆಯಾ?” ಎಂದು ಬೈಸಿಕೊಂಡಳು. ಒಂದೊಂದು ಸ್ಕ್ರೂ ಬಿಗಿಯುವ ಮೊದಲೂ ಅತ್ತೆ ಅದನ್ನು ಹಲಗೆಯ ಪಕ್ಕಕ್ಕೆ ಹಿಡಿದು, ಗೋಡೆಯೊಳಗೆ ಎಷ್ಟು ಹೋಗುತ್ತದೆಂದು ಉಗುರಿನಿಂದ ಗುರುತು ಮಾಡಿ ತೋರಿಸಿದರು. ಅವಳು ಹೂಂ ಅನ್ನುವ ತನಕ ಬಿಗಿಯಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸವನ್ನು ಒಂದು ಬೆಳಗಿನಲ್ಲಿ ತಿದ್ದಿಕೊಳ್ಳುವ ಮನುಷ್ಯರನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಕೊನೆಗೆ ಅತ್ತೆ ಸ್ಟೂಲು ಹತ್ತಿ, ಬೇಡ ಬೇಡ ಎಂದರೂ ಕೇಳದೆ, ಎರಡೂ ಕೈಯಿಂದ ಕಪಾಟಿಗೆ ಜೋತುಬಿದ್ದರು. ಅದು ಕಮಕ್ ಕಿಮಕ್ ಅನ್ನಲಿಲ್ಲ. ಆದರೂ ಮಂಚವನ್ನು ಮತ್ತೆ ಅದರ ಕೆಳಗೆ ತಳ್ಳಲು ಇಬ್ಬರೂ ಒಪ್ಪಲಿಲ್ಲ.

ಸಂಜೆ ಗಂಡ ಬಂದವನೇ ಕಪಾಟನ್ನು ಹಿಡಿದು ಜಗ್ಗಿದ. ಇನ್ನೊಮ್ಮೆ ಜೋರಾಗಿ ಜಗ್ಗಿದ. “ಪರವಾಗಿಲ್ವೇ! ಬಂಡೆ ಕಣಮ್ಮ ಇದು. ಆಯ್ತು, ಮಿಕ್ಕ ಮೂರೂ ಹಾಕು. ಗುಜರಿಯವನಿಗೆ ನಾನೇ ಸಮಾಧಾನ ಹೇಳ್ತೀನಿ.”

ಅತ್ತೆಯ ಮುಖ ಕೆಂಪಾಯಿತು. ಸುಳ್ಳು ಹೊಗಳಿಕೆ ಅವರಿಗೆ ದಕ್ಕುವುದಿಲ್ಲ. “ಮಗಾ, ಒಂದು ಮಾತು ಹೇಳ್ಬೇಕು, ಇದು ಮೊದಲು...”

“ಅತ್ತೆ,” ಸೊಸೆ ನಡುವೆ ಬಾಯಿ ಹಾಕಿದಳು, “ಮುಂದಿನದು ನಿಮ್ಮ ಕೋಣೆಗೋ, ಹಜಾರಕ್ಕೋ?”

ಅತ್ತೆ ಅವಳ ಕಡೆ ನೋಡಿದರು. “ಹಜಾರಕ್ಕೆ,” ಎಂದರು. “ಉದ್ದನೆ ಸ್ಕ್ರೂ ಇನ್ನೊಂದು ಡಜನ್ ತಂದುಬಿಡು.”

ಮಲಗುವ ಮುಂಚೆ ಗಂಡ ಕೇಳಿದ: “ಗುಬ್ಬಿ ಮಂಚ ಯಾಕೆ ಆ ಕಡೆ ಸರಿಸಿದ್ರಿ?”

ಗ್ಯಾಸಿನ ಗುಂಡಿ ಅರ್ಧ ತಿರುಗಿದ್ದರೂ ಗಂಡನಿಗೆ ವರದಿ ಒಪ್ಪಿಸುವವಳು ಅವಳು. ಮಾತು ತುಟಿಯ ತನಕ ಬಂತು. ಆಚೆ ಕೋಣೆಯಲ್ಲಿ ಅತ್ತೆ ಹಜಾರದ ಕಪಾಟಿಗೆ ಕಾಗದದ ಮೇಲೆ ಗೆರೆ ಎಳೆಯುತ್ತ, ಕಾರ್ಖಾನೆಯ ದಿನಗಳ ಯಾವುದೋ ಹಳೆಯ ಹಾಡನ್ನು ಗುನುಗುತ್ತಿದ್ದರು. ಗಂಡನಿಗೆ ಬೇಡ, ತವರಿನ ಅಕ್ಕನಿಗೂ ಬೇಡ, ಮುಂದೊಂದು ದಿನ ತಮಾಷೆಗೆಂದು ಗುಬ್ಬಿಗೂ ಬೇಡ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದಳು.

“ಅಲ್ಲಿ ಬೆಳಕು ಚೆನ್ನಾಗಿದೆ,” ಎಂದಳು.